ದೀರ್ಘ ಬಿಟ್ಟ ಹೆಸರು

ಹೋದ ಭಾನುವಾರ ಅಣ್ಣನ ಮಗಳ ನಿಶ್ಚಯಕ್ಕೆ ಹೊರಡುವ ಗಡಿಬಿಡಿಯಲ್ಲಿ ನನ್ನ ಹೆಂಡತಿ ಟ್ರಂಕು ತೆಗೆದಳು. ಇಳಕಲ್ ಸೀರೆಗಳ ಮಡಿಕೆಯಿಂದ ಡಾಂಬರು ಗುಳಿಗೆಯ ವಾಸನೆ ಎದ್ದು ಪಡಸಾಲೆಯವರೆಗೆ ಬಂತು. ನಾನು ಚಹಾದ ಕಪ್ಪು ಕೆಳಗಿಟ್ಟೆ. ಉಳಿದವರಿಗೆ ಅದು ಸೀರೆಯ ವಾಸನೆ, ಮದುವೆಯ ವಾಸನೆ. ನನಗೆ ಅದು ಬಾಗಲಕೋಟೆಯ ಒಂದು ಆಸ್ಪತ್ರೆಯ ಸರ್ವರ್ ರೂಮಿನ ವಾಸನೆ.

"ಸೀರಿ ಬುಡಕ ಇದ್ಯಾವ ಹಾಳಿ ಇಟ್ಟೀರಿ?" ಅವಳು ಒಳಗಿನಿಂದಲೇ ಕೂಗಿದಳು. "ಭಾಳ ಹಳೀದಾಗೇತಿ. ಕಸದಾಗ ಒಗೀಲೇನು?"

ಒಂದೇ ಉಸಿರಿನಲ್ಲಿ ಹಾಳಿಯೂ ಬಂತು, ಹಳಿಯೂ ಬಂತು. ನಮ್ಮ ಕಡೆ ಮನೆ ಮನಿಯಾಗುವ ಹಾಗೆ ಹಾಳೆ ಹಾಳಿಯಾಗುತ್ತದೆ, ಹಳೆ ಎಂಬುದು ಹಳಿಯಾಗುತ್ತದೆ. ಎರಡರ ನಡುವೆ ಉಳಿಯುವುದು ಒಂದು ದೀರ್ಘ ಮಾತ್ರ. ಆ ದೀರ್ಘ ಬಿಟ್ಟುಹೋದರೆ ಏನಾಗುತ್ತದೆ ಎಂಬುದನ್ನು ನಾನು ಒಂದು ಮಳೆಗಾಲದಲ್ಲಿ ಕಲಿತೆ. ಕಲಿತದ್ದು ಯಾರ ಖರ್ಚಿನಲ್ಲಿ ಎಂಬುದೇ ಈ ಬರಹ.

ಮಳೆಗಾಲ ಎಂದೆ, ಆದರೆ ಆ ವರ್ಷ ನಮ್ಮಲ್ಲಿ ಮಳೆಯೇ ಇರಲಿಲ್ಲ. ಬೇವೂರಿನ ನಮ್ಮ ಹೊಲದಲ್ಲಿ, ಬೇಸಿಗೆಯ ಕೊನೆಯ ಒಂದು ಮಳೆಗೆ ಬಿತ್ತಿದ ಹೆಸರಿನ ಬೆಳೆ ಗೇಣುದ್ದ ಎದ್ದು ಹಾಗೆಯೇ ನಿಂತಿತ್ತು. ಮಳೆ ಬೀಳುತ್ತಿದ್ದುದು ದೂರದ ಘಟ್ಟದಲ್ಲಿ, ಮಹಾರಾಷ್ಟ್ರದಲ್ಲಿ. ಬಾಗಲಕೋಟೆಗೆ ಬರುತ್ತಿದ್ದುದು ನೀರು ಮಾತ್ರ. ಆಕಾಶ ಬಿಳಿಚಿಕೊಂಡಿರುತ್ತಿತ್ತು, ಧೂಳು ಹಾರುತ್ತಿತ್ತು, ಆದರೆ ಹಳೆಯ ಊರಿನ ಅಂಚಿನಲ್ಲಿ ಆಣೆಕಟ್ಟಿನ ಹಿನ್ನೀರು ದಿನಕ್ಕೊಂದು ಮೆಟ್ಟಿಲು ಏರುತ್ತಿತ್ತು. ಆಸ್ಪತ್ರೆಯ ಮಾಳಿಗೆಯಿಂದ ನೋಡಿದರೆ ನಿನ್ನೆ ಕಂಡಿದ್ದ ಜಾಲಿ ಗಿಡ ಇಂದು ಇರುತ್ತಿರಲಿಲ್ಲ. ಸದ್ದಿಲ್ಲದೆ ಏರುವ ನೀರನ್ನು ಕಂಡರೆ ನನಗೆ ಇಂದಿಗೂ ಆಗುವುದಿಲ್ಲ.

ನಾನು ಆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿ ಎರಡು ತಿಂಗಳಾಗಿತ್ತು. ವಿಭಾಗವೆಂದರೆ ನಾನೊಬ್ಬನೇ. ನನಗಿಂತ ಮೊದಲು ಹದಿನಾರು ವರ್ಷ ಆ ಯುನಿಕ್ಸ್ ಸರ್ವರನ್ನು ಸಾಕಿದವರು ಇಳಕಲ್ಲಿನ ಖಾಜಾಸಾಬರು. ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದಿತ್ತು, ಮಾತು ತೊದಲಿತ್ತು. ನನಗೆ ಬಿಟ್ಟುಹೋದದ್ದು ಒಂದು ರಟ್ಟಿನ ನೋಟ್‌ಬುಕ್ಕು, ಮತ್ತು ಜಿರಲೆ ಬಾರದಿರಲೆಂದು ಸರ್ವರಿನ ಕಪಾಟಿನ ಮೂಲೆ ಮೂಲೆಯಲ್ಲಿ ಇಟ್ಟ ಡಾಂಬರು ಗುಳಿಗೆ. ಇಳಕಲ್ಲಿನವರು ನೋಡಿ, ಸೀರೆಯಾದರೇನು, ಸರ್ವರಾದರೇನು, ಬೆಲೆಯುಳ್ಳದ್ದಕ್ಕೆಲ್ಲ ಡಾಂಬರು ಗುಳಿಗೆ.

ಯುನಿಕ್ಸಿನಲ್ಲಿ ಪ್ರತಿ ಡಿಸ್ಕಿಗೂ ಒಂದು ಕಡತದ ಹೆಸರಿರುತ್ತದೆ. ಸಿ-ಒಂದು, ಟಿ-ಎರಡು, ಡಿ-ಸೊನ್ನೆ ಎಂದರೆ ಯಾವ ಕಾರ್ಡಿಗೆ ಜೋಡಿಸಿದ್ದು, ಅದರಲ್ಲಿ ಎಷ್ಟನೇ ಜಾಗ, ಅಲ್ಲಿ ಯಾವ ಡಿಸ್ಕು ಎಂದು ಅರ್ಥ. ನವನಗರದ ವಿಳಾಸದ ಹಾಗೆ: ಸೆಕ್ಟರ್ ಇಷ್ಟು, ಮನೆ ಇಷ್ಟು. ಒಳಗೆ ಯಾರಿದ್ದಾರೆ ಎಂದು ವಿಳಾಸ ಹೇಳುವುದಿಲ್ಲ. ಹಳೆಯ ಊರು ಮುಳುಗಿ ನವನಗರಕ್ಕೆ ಬಂದ ನಮ್ಮ ಸೋದರತ್ತೆ ಆರು ತಿಂಗಳು ಕಂಡವರ ಬಾಗಿಲು ಬಡಿಯುತ್ತಿದ್ದಳಂತೆ. ನಾನು ಅವಳನ್ನು ಎಷ್ಟು ಸಲ ಚೇಷ್ಟೆ ಮಾಡಿದ್ದೆನೋ, ಅಷ್ಟೂ ನನಗೇ ತಿರುಗಿ ಬಂತು.

ಶ್ರಾವಣದ ಒಂದು ಸಂಜೆ ಹನಿ ಮಳೆಯಿಲ್ಲದೆ ಸಿಡಿಲು ಬಿತ್ತು. ಸರ್ವರಿನ ಒಂದು ಕಾರ್ಡು ಸುಟ್ಟಿತು, ಜೊತೆಗೆ ಎರಡು ಡಿಸ್ಕು. ಹುಬ್ಬಳ್ಳಿಯಿಂದ ಬಂದ ಇಂಜಿನಿಯರು ಹೊಸ ಕಾರ್ಡನ್ನು ಬೇರೊಂದು ಸಂದಿಯಲ್ಲಿ ಕೂಡಿಸಿ ಹೋದ. ಸಂದಿ ಬದಲಾದರೆ ಸಂಖ್ಯೆ ಬದಲಾಗುತ್ತದೆ. ಖಾಜಾಸಾಬರ ನೋಟ್‌ಬುಕ್ಕಿನ ವಿಳಾಸಗಳೆಲ್ಲ ಒಂದೇ ಏಟಿಗೆ ಸುಳ್ಳಾದವು. ಪರದೆಯ ಮೇಲೆ ನಾನು ಎಂದೂ ಕಾಣದ ಮೂರು ಹೆಸರು ಬಂದು ಕೂತವು, ಮೂರೂ ಸಿ-ಮೂರರಿಂದ ಶುರುವಾಗುವಂಥವು. ಯಾವುದು ಯಾರೆಂದು ಕೇಳಲು ಯಾರೂ ಇರಲಿಲ್ಲ.

ಮರುದಿನ ಕಪಾಟಿನೊಳಗೆ ಕಟ್, ಕಟ್ ಎಂದು ಸದ್ದು ಶುರುವಾಯಿತು. ಕಿವಿಯಿಟ್ಟು ಹುಡುಕಿದೆ. ಈಗಿನ ರೋಗಿಗಳ ದಾಖಲೆಯಿದ್ದ ಡಿಸ್ಕು ಸಾಯುತ್ತಿತ್ತು. ಅದರ ನಕಲು ಇದ್ದ ಜೋಡಿ ಡಿಸ್ಕು ಸಿಡಿಲಿಗೆ ಸುಟ್ಟುಹೋಗಿತ್ತು. ಹೊಸ ಡಿಸ್ಕು ಬರಲು ಹತ್ತು ದಿನ ಬೇಕು ಎಂದರು. ಆ ಕಾಲದ ಡಿಸ್ಕು ಅಂಗಡಿಯಲ್ಲಿ ಸಿಗುವಂಥದಲ್ಲ.

ನಮ್ಮ ಆಡಳಿತಾಧಿಕಾರಿ ಬಾಗಿಲಲ್ಲಿ ನಿಂತು ಹೇಳಿದರು, "ಬೀರೇಶ, ಎರಡ ದಿವಸದಾಗ ಒಂದು ಡಿಸ್ಕ್ ಖಾಲಿ ಮಾಡಿ ಇದನ್ನ ಅದಕ್ಕ ಇಳಸ್ರಿ. ಈಗಿನ ಪೇಶಂಟ್‌ದು ಹೋತಂದ್ರ ನಾನೂ ಇಲ್ಲ, ನೀವೂ ಇಲ್ಲ."

ಅದೇ ವಾರ ಶಾಂತವ್ವ ಬಂದದ್ದು. ಹುನಗುಂದದವರು, ಐವತ್ತರ ಹತ್ತಿರದ ವಯಸ್ಸು, ಮನೆಯಲ್ಲಿ ಮಗ್ಗ. ಕುತ್ತಿಗೆಯಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಂಟು. ಮಾತಾಡಿದರೆ ಉಸಿರು ಸೀಟಿ ಹೊಡೆಯುತ್ತಿತ್ತು. ತೆಗೆಯಲೇಬೇಕು, ತಿಂಗಳಿಗಿಂತ ತಡ ಮಾಡಬಾರದು ಎಂದಿದ್ದರು. ಆದರೆ ಆಕೆಯ ಅಕ್ಕ ಹದಿನೈದು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ, ಇಂಥದೇ ಸಣ್ಣ ಆಪರೇಷನ್ನಿಗೆಂದು ಮಲಗಿದವಳು ಎದ್ದಿರಲಿಲ್ಲ.

"ನಮ್ಮಕ್ಕ ಯಾಕ ಸತ್ಲು ಅನ್ನೂದು ತಿಳೀಲಾರದ ನಾ ಆ ಟೇಬಲ್ ಮ್ಯಾಲ ಮಲಗಂಗಿಲ್ಲರಿ," ಎಂದು ಆಕೆ ಸರ್ವರ್ ರೂಮಿನ ಎದುರಿನ ಬೆಂಚಿನ ಮೇಲೆ ಕೂತುಬಿಟ್ಟರು.

ಅರಿವಳಿಕೆ ಕೊಡುವ ದೇಸಾಯಿ ಡಾಕ್ಟರಮ್ಮ ಅದನ್ನು ಹಟವೆಂದು ತಳ್ಳಿಹಾಕಲಿಲ್ಲ. ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು. "ಆ ಕೇಸ್ ಪೇಪರ್ ನನಗೂ ಬೇಕ್ರಿ. ಕೆಲವ್ರ ರಕ್ತದಾಗನ ಒಂದು ದೋಷ ಇರತೈತಿ, ಮತ್ತಿನ ಔಷಧ ಆಗಿಬರಂಗಿಲ್ಲ. ಅಕ್ಕಗ ಇದ್ರ ತಂಗಿಗೂ ಇರಬಹುದು. ನೋಡಿದ್ರ ತಿಳೀತೈತಿ."

ಕಾಗದದ ಮೂಲಪ್ರತಿಗಳನ್ನು ಗೆದ್ದಲು ತಿಂದಿತ್ತು. ತಿನ್ನುವ ಮೊದಲೇ ಖಾಜಾಸಾಬರು ಎಲ್ಲವನ್ನೂ ಸ್ಕ್ಯಾನ್ ಮಾಡಿ ಎಲ್ಲೋ ಇಟ್ಟಿದ್ದಾರೆ ಎಂದಷ್ಟೇ ದಾಖಲೆ ವಿಭಾಗದವರಿಗೆ ಗೊತ್ತಿತ್ತು. ಎಲ್ಲೋ ಎಂದರೆ ಎಲ್ಲಿ?

ಆ ಮೂರು ಅಪರಿಚಿತರ ಗುರುತು ಹಿಡಿಯಲು ಕೂತೆ. ಒಂದೊಂದೇ ಹೆಸರಿಗೆ ಓದುವ ಆಜ್ಞೆ ಕೊಟ್ಟು, ಕಪಾಟಿನ ಯಾವ ಹಸಿರು ದೀಪ ಮಿಟುಕುತ್ತದೆ ಎಂದು ನೋಡುತ್ತಿದ್ದೆ. ಮೊದಲನೆಯದು ಆ ಸಾಯುತ್ತಿದ್ದ ಡಿಸ್ಕು. ಎರಡನೆಯದು ತೀರ ಸಣ್ಣದು, ನನ್ನ ಕೆಲಸಕ್ಕೆ ಸಾಲದು. ಮೂರನೆಯದು ದೊಡ್ಡದು, ಗಟ್ಟಿಮುಟ್ಟಾದದ್ದು. ತೆರೆಯಲು ಹೋದರೆ ತೆರೆಯಲಿಲ್ಲ. ಒಳಗೆ ಇಣುಕಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಇಂಥ ಡಿಸ್ಕಿಗೆ ಎಂಟು ಇಂಗ್ಲಿಷ್ ಅಕ್ಷರದೊಳಗೆ ಒಂದು ಅಡ್ಡಹೆಸರು ಇಡಬಹುದು. ಖಾಜಾಸಾಬರು ನಾಲ್ಕೇ ಅಕ್ಷರ ಇಟ್ಟಿದ್ದರು: ಎಚ್, ಎ, ಎಲ್, ಐ.

ಹಳಿ. ನಾನು ಹಾಗೆಯೇ ಓದಿದೆ. ಹಳೇ ಡಿಸ್ಕು, ಬೇಡವಾದದ್ದು. ಆದರೂ ಮನಸ್ಸು ಕಚ್ಚುತ್ತಿತ್ತು. ಕೇಳಿಯೇ ಬಿಡೋಣವೆಂದು ಮರುದಿನ ಬೆಳಿಗ್ಗೆ ಇಳಕಲ್ ಬಸ್ಸು ಹತ್ತಿದೆ.

ಖಾಜಾಸಾಬರ ಮನೆ ನೇಕಾರರ ಓಣಿಯ ಕೊನೆಗೆ. ಕೆಳಗಿನ ಮನೆಯ ಮಗ್ಗದ ಲಟಪಟ ಸದ್ದು ಗೋಡೆಯೊಳಗಿಂದ ಬರುತ್ತಿತ್ತು. ಅವರು ದಿಂಬಿಗೆ ಒರಗಿ ಕೂತಿದ್ದರು. ಕಣ್ಣು ಮಾತ್ರ ಚೂಪು.

"ಚಾಚಾ, ಸ್ಕ್ಯಾನ್ ಮಾಡಿದ ಕೇಸ್ ಪೇಪರ್ ಎಲ್ಲಿಟ್ಟೀರಿ?" ಎಂದೆ. ಅವರ ತುಟಿ ಒಂದು ಕಡೆಗೆ ಎಳೆಯಿತು. "ಹ್... ಳಿ," ಎಂದರು.

"ಮತ್ತ ಆ ದೊಡ್ಡ ಡಿಸ್ಕಿಗೆ ಎಚ್ ಎ ಎಲ್ ಐ ಅಂತ ಹೆಸರು ಇಟ್ಟೀರಲ್ಲ, ಅದ್ರಾಗ ಏನೈತ್ರಿ?"

"ಹ್... ಳಿ."

"ಹಳೀದು ಅಂತಾರ ಬೇಟಾ," ಎಂದರು ಅವರ ಹೆಂಡತಿ, ಬಾಯಿ ಒರೆಸುತ್ತ. "ಮುಂಜಾನಿಂದ ಏನ್ ಕೇಳಿದ್ರೂ ಹಿಂಗ ಅಂತಾರ."

ಖಾಜಾಸಾಬರು ಎಡಗೈಯಿಂದ ಹಾಸಿಗೆ ಬಡಿದರು. ಆಮೇಲೆ ಆ ಕೈಯನ್ನು ಗೋಡೆಗೆ ಚಾಚಿ ಕ್ಯಾಲೆಂಡರಿನ ಒಂದು ಪುಟವನ್ನು ಸರ್‍ರನೆ ಹರಿದು ನನ್ನ ಮುಖದ ಮುಂದೆ ಅಲ್ಲಾಡಿಸಿದರು.

"ಅಯ್ಯ, ತಿಂಗಳ ಇನ್ನೂ ಮುಗಿದಿಲ್ಲ! ಯಾಕ ಹರಿದ್ರಿ?" ಎಂದು ಚಾಚಿ ಗದರಿದರು.

ನನಗೆ ಎಲ್ಲ ತಿಳಿದ ಹಾಗಾಯಿತು. ಕಳೆದುಹೋದದ್ದು, ಹರಿದು ಒಗೆಯುವಂಥದ್ದು ಎನ್ನುತ್ತಿದ್ದಾರೆ! "ತಿಳೀತ್ರಿ ಚಾಚಾ," ಎಂದು ಅವರ ಕೈಯಿಂದ ಆ ಪುಟ ತೆಗೆದುಕೊಂಡು ಮಡಿಚಿ ಕಿಸೆಗೆ ಹಾಕಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಕಣ್ಣಿನಿಂದ ನೀರು ಇಳಿಯಿತು. ಲಕ್ವ ಹೊಡೆದವರು ಕಾರಣವಿಲ್ಲದೆ ಅಳುತ್ತಾರೆ ಎಂದು ಯಾರೋ ಹೇಳಿದ್ದು ನೆನಪಾಗಿ ಸಮಾಧಾನ ಮಾಡಿಕೊಂಡೆ. ಮುಗಿಯದ ತಿಂಗಳನ್ನು ಯಾರಾದರೂ ಹಳೆಯದೆಂದು ಹರಿಯುತ್ತಾರೆಯೇ ಎಂಬ ಪ್ರಶ್ನೆ ಬಾಗಲಕೋಟೆ ಮುಟ್ಟುವವರೆಗೂ ನನಗೆ ಹೊಳೆಯಲಿಲ್ಲ. ಮುಟ್ಟಿದ ಮೇಲೂ ಹೊಳೆಯಲಿಲ್ಲ.

ಮರುದಿನ ಹತ್ತು ಗಂಟೆಗೆ ಆ ಡಿಸ್ಕನ್ನು ಅಳಿಸುವ ಆಜ್ಞೆ ಕೊಟ್ಟೆ. ಖಚಿತವೇ ಎಂದು ಯಂತ್ರ ಒಂದು ಸಲ ಕೇಳಿತು. ಖಚಿತ ಎಂದೆ. ಹಸಿರು ದೀಪ ಬಿಡುವಿಲ್ಲದೆ ಉರಿಯತೊಡಗಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ದೊಣ್ಣೆ ಹಿಡಿದವನು ನಾನು. ಆದರೂ ಮನಸ್ಸು ಹಗುರಾಗಿ, ಬಾಗಿಲು ಎಳೆದುಕೊಂಡು ಚಹಾಕ್ಕೆ ಹೊರಬಂದೆ.

ಬೆಂಚಿನ ಮೇಲೆ ಶಾಂತವ್ವ ಕೂತಿದ್ದರು. ಸೆರಗಿನಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ನನ್ನ ಕೈಗೆ ಹಾಕಿದರು. ಆಮೇಲೆ ಕೇಳಿದರು.

"ತಮ್ಮಾ, ನಮ್ಮಕ್ಕನ ಹಾಳಿ ಸಿಕ್ಕಿತೇನ್ರಿ?"

ಆಸ್ಪತ್ರೆಯಲ್ಲಿ ನಾವೆಲ್ಲ ಕೇಸ್ ಪೇಪರ್ ಎನ್ನುತ್ತಿದ್ದೆವು. ನಾನೂ, ಡಾಕ್ಟರಮ್ಮನೂ, ದಾಖಲೆಯವರೂ. ಹಾಳಿ ಎಂದವರು ಆಕೆಯೊಬ್ಬರೇ. ಇಲ್ಲ, ಇನ್ನೊಬ್ಬರಿದ್ದರು, ಅವರಿಗೆ ಆ ಮಾತನ್ನು ಪೂರ್ತಿ ಹೇಳಲು ಆಗಿರಲಿಲ್ಲ. ಹಾಗಾಗಿ ಒಂದು ಹಾಳಿಯನ್ನೇ ಹರಿದು ಕೈಗೆ ಕೊಟ್ಟಿದ್ದರು. ಅದು ಅಂಗಿಯ ಕಿಸೆಯಲ್ಲಿ ನನ್ನ ಎದೆಗೆ ಚುಚ್ಚುತ್ತಿತ್ತು.

ಶೇಂಗಾ ನೆಲಕ್ಕೆ ಬಿದ್ದವು. ಒಳಗೆ ಓಡಿ ಯಂತ್ರವನ್ನು ತಡೆದೆ. ಮೂರರಲ್ಲಿ ಒಂದು ಪಾಲು ಹೋಗಿತ್ತು. ಹೋದದ್ದು ಮೊದಲ ಪಾಲು, ಎಂದರೆ ಯಾವ ಹಾಳೆ ಎಲ್ಲಿದೆ ಎಂಬ ಪಟ್ಟಿ ಇದ್ದ ಪಾಲು. ಆ ಹಳೆಯ ಸ್ಕ್ಯಾನಿಂಗ್ ವ್ಯವಸ್ಥೆ ಡಿಸ್ಕನ್ನು ತನ್ನದೇ ರೀತಿಯಲ್ಲಿ ಬರೆಯುತ್ತಿತ್ತಂತೆ. ಅದಕ್ಕೇ ನನಗೆ ತೆರೆದಿರಲಿಲ್ಲ. ಡಾಂಬರು ಗುಳಿಗೆಯ ವಾಸನೆ ಗಂಟಲಿಗೆ ಅಡರಿಕೊಂಡಿತ್ತು.

ದೇಸಾಯಿ ಡಾಕ್ಟರಮ್ಮ ಆಪರೇಷನ್ ಥಿಯೇಟರಿಗೆ ಹೊರಟಿದ್ದರು. ಕೇಸ್ ಪೇಪರ್ ಸಿಗಲಿಲ್ಲ ಎಂದೆ. ಅಳಿಸಿದೆ ಎನ್ನಲಿಲ್ಲ. ಸಿಡಿಲಿನ ಮಾತು ಎಲ್ಲರ ಬಾಯಲ್ಲಿತ್ತು. ಅವರೂ ಸಿಡಿಲೆಂದೇ ತಿಳಿದರು.

"ಹಂಗಾರ ಇಲ್ಲಿ ಬ್ಯಾಡ. ಅಂಥಾ ಔಷಧ ಬಿಟ್ಟು ಮಾಡೋ ಸೌಕರ್ಯ ಇದ್ದಲ್ಲೆ ಮಾಡ್ಲಿ. ನಾ ಹುಬ್ಬಳ್ಳಿಗೆ ಬರದು ಕೊಡ್ತೇನಿ. ಒಂದು ತಾಸು, ಕೂಡಿಸಿರ್ರಿ ಅವ್ರನ್ನ."

ಶಾಂತವ್ವ ಚೆಲ್ಲಿದ ಶೇಂಗಾ ಆರಿಸುತ್ತಿದ್ದರು. ನಾನು ಎದುರಿಗೆ ನಿಂತೆ. ಹೇಳಬೇಕಾದ ಮಾತು ಒಂದೇ: ಅವ್ವಾ, ನಿಮ್ಮಕ್ಕನ ಹಾಳಿ ಇತ್ತು, ನಾ ಅಳಿಸಿದೆ. ಅದು ನಾಲಿಗೆಯವರೆಗೆ ಬಂತು, ಹೊರಗೆ ಬರಲಿಲ್ಲ.

"ನೋಡಿದ್ನಿರಿ," ಎಂದೆ. "ಏನೂ ಸಿಗಲಿಲ್ಲ."

ಆಕೆ ತಲೆಯೆತ್ತಿದರು. "ಏನೂ ಇಲ್ಲೇನ್ರಿ?"

"ಏನೂ ಇಲ್ಲರಿ. ಡಾಕ್ಟರು ಬರ್ತಾರ, ಕುಂದರ್ರಿ."

ಆಕೆಯ ಮುಖ ಅರಳಿತು. ಹೌದು, ಅರಳಿತು. ಎರಡೂ ಕೈ ಎತ್ತಿ ನನಗೆ ಮುಗಿದರು. ದುಃಖದಲ್ಲಿ ಕೆಲವರು ನಗುತ್ತಾರೆ ಎಂದುಕೊಂಡೆ. ಎದುರಿಗೆ ನಿಲ್ಲಲಾಗದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ತಾಸಿನ ಮೇಲೆ ಡಾಕ್ಟರಮ್ಮ ಚೀಟಿ ಹಿಡಿದು ಬಂದಾಗ ಬೆಂಚು ಖಾಲಿಯಿತ್ತು.

"ನೀವೇನಂತ ಹೇಳಿದ್ರಿ?"

"ಏನೂ ಸಿಗಲಿಲ್ಲ ಅಂತ."

ಡಾಕ್ಟರಮ್ಮ ಚೀಟಿಯನ್ನು ಬೆಂಚಿನ ಮೇಲಿಟ್ಟರು. ಆಕೆ ಬರೆಸಿದ್ದ ನಂಬರಿಗೆ ಫೋನು ಮಾಡಿದರು. ಸ್ವಿಚ್ ಆಫ್. ಸಂಜೆ, ಮರುದಿನ, ಅದರ ಮರುದಿನವೂ ಅದೇ.

ಸಾಯುತ್ತಿದ್ದ ಡಿಸ್ಕು ವಿಚಿತ್ರವೆಂಬಂತೆ ಹೊಸದು ಬರುವವರೆಗೆ ಬದುಕಿತು. ಯಾವುದನ್ನು ಉಳಿಸಲು ನಾನು ಅಷ್ಟು ಅವಸರ ಮಾಡಿದೆನೋ ಅದಕ್ಕೆ ಏನೂ ಆಗಲಿಲ್ಲ. ಆ ಹತ್ತು ಹನ್ನೆರಡು ದಿನ ನಾನು ಉಳಿದ ಎರಡು ಪಾಲನ್ನು ಜಾಲಿಸಿದೆ. ಪಟ್ಟಿಯಿಲ್ಲದೆ, ಹೆಸರಿಲ್ಲದೆ, ಚಿತ್ರದ ಗುರುತು ಸಿಕ್ಕಲ್ಲಿಂದ ಒಂದೊಂದೇ ಹಾಳೆಯನ್ನು ಎತ್ತಿ ತೆಗೆಯುವ ಕೆಲಸ. ಹಾವು ಕಚ್ಚಿದವರು, ಹೆರಿಗೆಯಾದವರು, ಬಾವಿಗೆ ಬಿದ್ದವರು, ಎಲ್ಲರ ಹಾಳೆ ಕಣ್ಣ ಮುಂದೆ ಹಾದುಹೋದವು. ಕಿಟಕಿಯಾಚೆ ನೀರು ರಸ್ತೆಯ ಅಂಚಿಗೆ ಬಂದಿತ್ತು. ಇನ್ನೂ ಮಳೆ ಬಂದಿರಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಹುನಗುಂದದ ಆ ಹೆಸರು ಬಂತು. ಅಕ್ಕನ ಹಾಳೆ. ಅಳಿಸಿಹೋದ ಭಾಗದಲ್ಲಿ ಅದು ಇರಲೇ ಇಲ್ಲ. ಇಷ್ಟು ದಿನವೂ ಸುರಕ್ಷಿತವಾಗಿ ಕೂತಿತ್ತು.

ಮುದ್ರಿಸಿ ಕೊಟ್ಟ ಪ್ರತಿಯನ್ನು ಡಾಕ್ಟರಮ್ಮ ನಿಂತೇ ಓದಿದರು. ಐದೈದು ನಿಮಿಷಕ್ಕೆ ಬರೆದ ಜ್ವರದ ಅಂಕಿಗಳ ಮೇಲೆ ಬೆರಳು ಏರುತ್ತ ಹೋಯಿತು. "ಇದ ನೋಡ್ರಿ. ಮತ್ತು ಕೊಟ್ಟ ಕೂಡ್ಲೆ ಮೈ ಕಾದೈತಿ. ಅದೇ ದೋಷ," ಎಂದರು. "ಆ ಔಷಧ ಬಿಟ್ಟು ಬ್ಯಾರೇದು ಕೊಟ್ರ ಏನೂ ಆಗಂಗಿಲ್ಲ. ಹೋಗ್ರಿ ಬೀರೇಶ, ಇವತ್ತ ಹೋಗ್ರಿ."

ಹುನಗುಂದದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ವಿಳಾಸ ಕೇಳಬೇಕಾಗಿಯೇ ಬರಲಿಲ್ಲ. ಶಾಂತವ್ವ ಎಂದ ಕೂಡಲೇ ಓಣಿಯವರು ಮಾತು ನಿಲ್ಲಿಸಿ ಕೈ ತೋರಿಸಿದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು, ಅದರ ಮೇಲೆ ಒಂದು ಬಿಳಿಯ ಬಟ್ಟೆ ಹೊದಿಸಿದ್ದರು. ಮಗಳು ಹೊರಗೆ ಬಂದಳು. ಬಾಗಲಕೋಟೆ ದವಾಖಾನೆಯಿಂದ ಬಂದೆ ಎಂದೆ.

"ನಿಮ್ಮ ದವಾಖಾನ್ಯಾಗ ಚಲೋ ನೋಡಿದ್ರಂತ್ರಿ," ಎಂದಳು. "ದೊಡ್ಡವ್ವನ ಮೈಯಾಗ ಏನೂ ದೋಷ ಇರಲಿಲ್ಲಂತ, ಕಂಪ್ಯೂಟರ್‌ನ್ಯಾಗ ನೋಡಿ ಹೇಳ್ಯಾರ, ಏನೂ ಇಲ್ಲಂತ ಅಂತ ಖುಷಿಲೆ ಬಂದ್ಲು ಅವ್ವ. ಇಷ್ಟ ವರ್ಷದ ಅಂಜಿಕಿ ಹೋತು, ಇನ್ ಎಲ್ಲಿ ಮಾಡ್ಸಿದ್ರೇನು ಅಂದ್ಲು. ಸನಿ ಇದ್ದ ಒಂದು ಸಣ್ಣ ದವಾಖಾನಿಗೆ ಹೋದ್ವಿ." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮೈ ಕೆಂಡ ಆಗಿತ್ರಿ. ಮುಟ್ಟಾಕ ಬರಲಾರದಂಗ. ನಿನ್ನೆ ಮೂರು ದಿನ ಆತು."

ಏನೂ ಸಿಗಲಿಲ್ಲ ಎಂದಿದ್ದೆ. ದೋಷ ಏನೂ ಸಿಗಲಿಲ್ಲ ಎಂದು ಆಕೆ ತಿಳಿದಿದ್ದರು. ಖಾಜಾಸಾಬರು ಒಂದು ದೀರ್ಘ ಬಿಟ್ಟರು, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ನಾವೆಲ್ಲ ಅದನ್ನು ಬಿಡುತ್ತೇವೆ. ನಾನು ಬಿಟ್ಟದ್ದು ಒಂದು ಇಡೀ ಮಾತು, ಅದೂ ಬಾಯಿ ನೆಟ್ಟಗಿದ್ದಾಗ. ನನ್ನ ತಪ್ಪು ಅವರದ್ದಕ್ಕಿಂತ ದೊಡ್ಡದು. ಯಾರು ಏನೇ ಸಮಾಧಾನ ಹೇಳಿದರೂ ನಾನು ಒಪ್ಪುವುದಿಲ್ಲ.

"ಕೈಯಾಗ ಅದೇನ್ರಿ?" ಮಗಳು ಕೇಳಿದಳು.

ಅಕ್ಕನ ಹಾಳೆಯ ಆ ಪ್ರತಿಯನ್ನು ಕೊಡಲು ಆಗಲಿಲ್ಲ. ಮಡಿಚಿ, ಕ್ಯಾಲೆಂಡರಿನ ಪುಟವಿದ್ದ ಕಿಸೆಗೇ ಹಾಕಿಕೊಂಡೆ. ಹಿಂದಿರುಗುವ ಬಸ್ಸು ಅಮೀನಗಡ ದಾಟಿದಾಗ ಕಿಟಕಿಯ ಗಾಜಿನ ಮೇಲೆ ಆ ಮಳೆಗಾಲದ ಮೊದಲ ಹನಿ ಬಿತ್ತು. ಡಾಕ್ಟರಮ್ಮನಿಗೆ ಅಂದೇ ಎಲ್ಲವನ್ನೂ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಚಳಿಗಾಲದೊಳಗೆ ಕೆಲಸ ಬಿಟ್ಟು ಬಾದಾಮಿಗೆ ಬಂದೆ. ಇಲ್ಲಿಯೂ ಡಿಸ್ಕುಗಳ ಕೆಲಸವೇ. ಹೆಸರಿಡುವಾಗ ಕನ್ನಡದ ಮಾತು ಇಡುವುದಿಲ್ಲ, ಅಳಿಸುವ ಮೊದಲು ಇಬ್ಬರನ್ನು ಕರೆದು ಗಟ್ಟಿಯಾಗಿ ಓದಿಸುತ್ತೇನೆ. ಹುಡುಗರು ನನ್ನ ಬೆನ್ನ ಹಿಂದೆ ನಗುತ್ತಾರೆ, ಗೊತ್ತು. ಇಳಕಲ್ಲಿಗೆ ಮಾತ್ರ ಮತ್ತೆ ಹೋಗಲಿಲ್ಲ. ಖಾಜಾಸಾಬರ ಆ ಕಣ್ಣುಗಳಿಗೆ ನಾನು ಏನೆಂದು ಹೇಳಲಿ?

"ಕೇಳಿಸ್ತಿಲ್ಲೇನ್ರಿ?" ಹೆಂಡತಿ ಪಡಸಾಲೆಗೇ ಬಂದಳು. ಒಂದು ಕೈಯಲ್ಲಿ ಸೀರೆ, ಇನ್ನೊಂದರಲ್ಲಿ ಮಡಿಕೆಯ ಗೆರೆ ಹಳದಿಯಾದ ಆ ಕ್ಯಾಲೆಂಡರಿನ ಪುಟ. "ಹಳೀ ಹಾಳಿ ಐತಿ, ಒಗೀಲೇನು ಅಂದೆ."

"ಒಗೀಬ್ಯಾಡ," ಎಂದೆ. "ಅದು ಹಳೀದಲ್ಲ."